ಕಿರುಬರಹಕ್ಕೂ ಬೇಕು ತಾರೀಖು

ಬಾದಾಮಿಗೆ ಶಾಲಾ ಪ್ರವಾಸ ಬಂದ ಮಕ್ಕಳು ನಾಲ್ಕು ಗುಹೆಗಳನ್ನು ನೋಡಿ, ಮಂಗಗಳ ಕೈಗೆ ಸಿಗದಂತೆ ತಿಂಡಿಯ ಚೀಲ ಕಾಪಾಡಿಕೊಂಡು, ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಗುಂಪಾಗಿ ನಿಂತು ಫೋಟೊ ತೆಗೆಸಿಕೊಂಡು ಬಸ್ಸು ಹತ್ತುವುದು ರೂಢಿ. ಅಲ್ಲಿನ ಬಂಡೆಗಳ ಮೇಲಿರುವ ಬರಹಗಳ ಕಡೆಗೆ ಮಕ್ಕಳನ್ನು ಕರೆದೊಯ್ಯುವ ಮಾಸ್ತರರು ವಿರಳ. ಒಂದನೆಯ ಪುಲಿಕೇಶಿಯ ಬಂಡೆಗಲ್ಲು ಶಾಸನ ಅಂಥದೊಂದು. ಸಂಸ್ಕೃತದಲ್ಲಿರುವ ಆ ಬರಹ ಕೆಲವೇ ಸಾಲಿನದು. ಚಾಲುಕ್ಯ ದೊರೆ ವಾತಾಪಿಯ ಬೆಟ್ಟವನ್ನು ಕೋಟೆಯಾಗಿ ಮಾಡಿದ, ಅದು ಶಕವರ್ಷ 465. ತಿರುಳು ಇಷ್ಟೇ. ಯಾರು, ಏನು, ಎಂದು ಎಂಬ ಮೂರಕ್ಕೂ ಅಲ್ಲಿ ಉತ್ತರವಿದೆ. ಆ ಒಂದು ತಾರೀಖಿನಿಂದಾಗಿ ಕ್ರಿ.ಶ. 543 ಎಂಬುದು ಚಾಲುಕ್ಯರ ಇತಿಹಾಸ ಬರೆಯುವವರಿಗೆ ಗಟ್ಟಿಯಾದ ಗೂಟವಾಗಿ ಸಿಕ್ಕಿತು.

ಸುಮಾರು ಒಂದೂವರೆ ಸಾವಿರ ವರ್ಷ ದಾಟಿ ಈಚೆಗೆ ಬಂದರೆ, ಅದೇ ಜಿಲ್ಲೆಯ ಹೈಸ್ಕೂಲ್ ಹುಡುಗನ ಕೈಯಲ್ಲಿ ಮೊಬೈಲು. ಅವನೂ ಕೆಲವೇ ಸಾಲು ಬರೆಯುತ್ತಾನೆ. ಆದರೆ ಅವನ ಬರಹದಲ್ಲಿ ಹಲವು ಸಲ ಯಾರು ಎಂಬುದಿಲ್ಲ, ಎಂದು ಎಂಬುದು ಇಲ್ಲವೇ ಇಲ್ಲ. ಮೈಕ್ರೋಬ್ಲಾಗ್ ಎಂದು ಕರೆಯಲಾಗುವ ಈ ಕಿರುಬರಹದಿಂದ ಓದಿಗೆ, ಆಟೋಟಕ್ಕೆ ಏನಾದರೂ ಪ್ರಯೋಜನ ಉಂಟೇ ಎಂಬುದು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಪಾಲಕರ ಮುಂದೆಯೂ ಇರುವ ಪ್ರಶ್ನೆ. ಉಂಟು. ಆದರೆ ಬಂಡೆಯ ಮೇಲಿನ ಆ ಮೂರು ಸಂಗತಿಗಳನ್ನು ಬಿಡದೆ ಬರೆದಾಗ ಮಾತ್ರ.

ಕಿರುಬರಹ ಎಂದರೆ ಏನು ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಇದು ವಾಟ್ಸ್ಆ್ಯಪ್ ಗುಂಪಿನ ಮಾತಲ್ಲ. ಗುಂಪು ಎಂಬುದು ಬಾಗಿಲು ಹಾಕಿದ ಕೋಣೆ, ಒಳಗಿದ್ದವರಿಗಷ್ಟೇ ಕೇಳಿಸುತ್ತದೆ. ಕಿರುಬರಹ ಬಸ್ ನಿಲ್ದಾಣದ ಗೋಡೆಯ ಮೇಲೆ ಅಂಟಿಸಿದ ಚೀಟಿಯ ಹಾಗೆ. ಪರಿಚಯದವರೂ ಓದಬಹುದು, ಪರಿಚಯವಿಲ್ಲದವರೂ ಓದಬಹುದು, ಓದಿದವರು ಉತ್ತರವನ್ನೂ ಬರೆಯಬಹುದು. 2006ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಟ್ವಿಟರ್ ಇದರಲ್ಲಿ ಹೆಸರಾದದ್ದು. 2023ರ ಜುಲೈನಿಂದ ಅದರ ಹೆಸರು ಎಕ್ಸ್.

ಬರಹಕ್ಕೆ ಅಳತೆ ಗೊತ್ತುಪಡಿಸಿದ ಕಥೆ ಸ್ವಾರಸ್ಯವಾಗಿದೆ. 1985ರಲ್ಲಿ ಜರ್ಮನಿಯ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್ ಎಂಬ ಎಂಜಿನಿಯರ್ ಟೈಪ್‌ರೈಟರಿನ ಮುಂದೆ ಕುಳಿತು ಮನಸ್ಸಿಗೆ ಬಂದ ಪ್ರಶ್ನೆ, ವಾಕ್ಯಗಳನ್ನು ಹೊಡೆದು ಅಕ್ಷರ ಎಣಿಸಿದ. ಹೆಚ್ಚಿನವು 160ರೊಳಗೆ ಮುಗಿದವು. ಜನ ಬರೆಯುವ ಪೋಸ್ಟ್‌ಕಾರ್ಡುಗಳನ್ನು ನೋಡಿದರೆ ಅವೂ ಬಹುಪಾಲು 150ರೊಳಗೇ ಇದ್ದವು. ಮೊಬೈಲಿನ ಎಸ್ಸೆಮ್ಮೆಸ್ಸಿಗೆ 160 ಅಕ್ಷರ ಎಂಬ ಕಟ್ಟು ಬಿದ್ದದ್ದು ಹೀಗೆ. ಟ್ವಿಟರಿನವರು ಅದರಲ್ಲಿ 20ನ್ನು ಬರೆಯುವವರ ಹೆಸರಿಗೆ ಬಿಟ್ಟು 140 ಇಟ್ಟುಕೊಂಡರು. 2017ರ ನವೆಂಬರಿನಲ್ಲಿ ಅದು 280 ಆಯಿತು. ಅದಕ್ಕೂ ಹಿಂದೆ ಟೆಲಿಗ್ರಾಂ ಇತ್ತು. ಪದಕ್ಕೆ ಇಷ್ಟು ಎಂದು ದುಡ್ಡು ತೆರಬೇಕಾಗಿದ್ದುದರಿಂದ ಅಂಚೆ ಕಚೇರಿಯ ಕಟ್ಟೆಯ ಮೇಲೆ ಕುಳಿತು ಪದ ಹೊಡೆದುಹಾಕಿ ಹೊಡೆದುಹಾಕಿ ಬರೆಯುತ್ತಿದ್ದ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಭಾರತದಲ್ಲಿ ಆ ಸೇವೆ 2013ರ ಜುಲೈನಲ್ಲಿ ನಿಂತಿತು. ಸಂಕ್ಷಿಪ್ತವಾಗಿ ಬರೆಯುವುದು ಹೇಗೆ ಎಂದು ಮೊಮ್ಮಗನಿಗೆ ಕಲಿಸಬಲ್ಲವರು ಯಾರಾದರೂ ಇದ್ದರೆ ಅದು ತಾರು ಕಳಿಸಿ ಗೊತ್ತಿರುವ ಅಜ್ಜನೇ.

ಕನ್ನಡದಲ್ಲಿ ಬರೆಯುವವರು ತಿಳಿದಿರಬೇಕಾದ ಇನ್ನೊಂದು ಲೆಕ್ಕವಿದೆ. ಕಣ್ಣು ಎಣಿಸುವ ಅಕ್ಷರ ಬೇರೆ, ಯಂತ್ರ ಎಣಿಸುವ ಅಕ್ಷರ ಬೇರೆ. 'ಬಾಗಲಕೋಟೆ' ನಮ್ಮ ಲೆಕ್ಕದಲ್ಲಿ ಐದು ಅಕ್ಷರ; ಕಂಪ್ಯೂಟರಿಗೆ ಎಂಟು. ಕಾಗುಣಿತದ ಪ್ರತಿಯೊಂದು ಚಿಹ್ನೆಯನ್ನೂ ಅದು ಬೇರೆಯಾಗಿ ಲೆಕ್ಕ ಹಿಡಿಯುತ್ತದೆ. 'ಹುನಗುಂದ' ನಾಲ್ಕಲ್ಲ, ಏಳು. 'ಶಾಸ್ತ್ರ' ಎಂಬ ಎರಡಕ್ಷರದ ಪದ ಒತ್ತುಗಳ ದೆಸೆಯಿಂದ ಏಳು ಸ್ಥಾನ ನುಂಗುತ್ತದೆ. ಎಸ್ಸೆಮ್ಮೆಸ್ಸಿನಲ್ಲಂತೂ ಇಂಗ್ಲಿಷಿಗೆ 160 ಇರುವಲ್ಲಿ ಕನ್ನಡಕ್ಕೆ ದಕ್ಕುವುದು 70 ಮಾತ್ರ. ಕನ್ನಡದ ಹುಡುಗರು ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಹೊಡೆಯುವ ಚಾಳಿಗೆ ಬಿದ್ದದ್ದಕ್ಕೆ ಇದೂ ಒಂದು ಕಾರಣವೆನ್ನಬೇಕು. ಎಕ್ಸ್‌ನಲ್ಲಿ ಆ ತಾಪತ್ರಯ ಇಲ್ಲ. ಅಲ್ಲಿ ಕನ್ನಡದ ಚಿಹ್ನೆಗೂ ಇಂಗ್ಲಿಷ್ ಅಕ್ಷರಕ್ಕೂ ಒಂದೇ ತೂಕ. ಕನ್ನಡ ಲಿಪಿಯಲ್ಲಿಯೇ ಬರೆಯಲು ಈಗ ಯಾವ ನೆವವೂ ಉಳಿದಿಲ್ಲ.

ಇನ್ನು ಶಾಲೆಯ ಮಾತು. ಮಳೆಗಾಲದ ಒಂದು ರಾತ್ರಿ ಈ ಸೀಮೆಯ ಯಾವ ಮನೆಯಲ್ಲಾದರೂ ಕೇಳಿಬರಬಹುದಾದ ಸಂಭಾಷಣೆ ಹೀಗಿರುತ್ತದೆ:

"ಅಪ್ಪಾ, ನಾಳೆ ಸಾಲಿ ಸೂಟಿ ಐತಂತ."

"ಯಾರ್ ಹೇಳಿದ್ರು?"

"ಗ್ರೂಪಿನಾಗ ಬಂದೈತಿ. ಡಿಸಿ ಸಾಹೇಬ್ರ ಸಹೀನೂ ಐತಿ."

"ತಾರೀಖು ನೋಡಿದೇನು?"

ತಾರೀಖು ನೋಡಿದರೆ ಅದು ಹೋದ ವರ್ಷದ ಆದೇಶ! 2019ರ ಆಗಸ್ಟಿನಲ್ಲಿ ಮಲಪ್ರಭಾ, ಘಟಪ್ರಭಾ, ಕೃಷ್ಣಾ ಮೂರೂ ಒಟ್ಟಿಗೆ ಉಕ್ಕಿ, ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನೀರು ನುಗ್ಗಿದಂಥ ದಿನಗಳಲ್ಲಿ ಒಂದು ತಪ್ಪು ಸುದ್ದಿ ಬರೀ ಸೂಟಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಯಾವ ಸೇತುವೆ ಮುಳುಗಿದೆ, ಯಾವ ರಸ್ತೆ ಬಂದಾಗಿದೆ ಎಂಬುದು ಮಗು ಮನೆಗೆ ತಿರುಗಿ ಬರುವ ಪ್ರಶ್ನೆ. ಜಿಲ್ಲಾ ಕಚೇರಿಯ ತೆರೆದ ಖಾತೆಯಲ್ಲಿ ಬಂದ ಒಂದು ಕಿರುಬರಹ ಇಲ್ಲಿ ನೂರು ಗುಂಪುಗಳ ಗದ್ದಲಕ್ಕಿಂತ ಮೇಲು. ಬರೆದವರು ಯಾರು, ಎಷ್ಟು ಗಂಟೆಗೆ ಬರೆದರು ಎಂಬುದು ಅದರ ಮೇಲೆಯೇ ಇರುತ್ತದೆ. ಒಂದು ತೊಡಕಿದೆ. 2023ರಿಂದ ಎಕ್ಸ್‌ನಲ್ಲಿ ಖಾತೆಯಿಲ್ಲದವರಿಗೆ ಎಲ್ಲವೂ ಕ್ರಮವಾಗಿ ಕಾಣಿಸುವುದಿಲ್ಲ. ಆದ್ದರಿಂದ ಶಾಲೆಯ ಸೂಚನೆಗೆ ಇದೊಂದನ್ನೇ ನೆಚ್ಚಿ ಕೂರುವಂತಿಲ್ಲ. ಗೇಟಿನ ಬಳಿಯ ಕಪ್ಪುಹಲಗೆಗೆ ಇನ್ನೂ ಕೆಲಸವಿದೆ.

ಸೂಚನೆ ಕೊಡುವುದು ಒಂದು, ಕಲಿಸುವುದು ಮತ್ತೊಂದು. ಕಿರುಬರಹದಿಂದ ಮಕ್ಕಳು ನಿಜವಾಗಿ ಹೆಚ್ಚು ಕಲಿಯುತ್ತಾರೆಯೇ? ಇದಕ್ಕೆ ಎರಡು ಅಧ್ಯಯನಗಳು ಎರಡು ಉತ್ತರ ಕೊಟ್ಟಿವೆ, ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವುದು ಲೇಸು.

ಮೊದಲನೆಯದು ಅಮೆರಿಕದ್ದು. ರೆನಾಲ್ ಜುಂಕೊ ಮತ್ತು ಇಬ್ಬರು ಸಂಗಡಿಗರು 2011ರಲ್ಲಿ ಪ್ರಕಟಿಸಿದರು. ಕಾಲೇಜಿನ ಮೊದಲ ವರ್ಷದ 125 ವಿದ್ಯಾರ್ಥಿಗಳಲ್ಲಿ ಒಂದು ಪಾಲಿನವರ ಜೊತೆ ಅಧ್ಯಾಪಕರು ಒಂದು ಸೆಮಿಸ್ಟರ್ ಪೂರ್ತಿ ಟ್ವಿಟರಿನಲ್ಲಿ ಮಾತನಾಡುತ್ತಿದ್ದರು. ತರಗತಿಯಲ್ಲಿ ಅರ್ಧಕ್ಕೆ ನಿಂತ ಚರ್ಚೆ ಅಲ್ಲಿ ಮುಂದುವರಿಯುತ್ತಿತ್ತು, ಕೇಳಲು ನಾಚಿಕೊಂಡ ಪ್ರಶ್ನೆಗೆ ಅಲ್ಲಿ ಉತ್ತರ ಸಿಗುತ್ತಿತ್ತು, ಮನೆಗೆಲಸದ ನೆನಪೋಲೆ ಬರುತ್ತಿತ್ತು. ಕೊನೆಗೆ ನೋಡಿದರೆ ಆ ಗುಂಪಿನವರ ಸರಾಸರಿ ಶ್ರೇಣಿ, ನಾಲ್ಕರ ಮಾಪಕದಲ್ಲಿ, ಉಳಿದವರಿಗಿಂತ ಸುಮಾರು ಅರ್ಧ ಅಂಶ ಮೇಲಿತ್ತು. ಚಿಕ್ಕ ಗುಂಪು, ನಿಜ. ಆದರೂ ತಳ್ಳಿಹಾಕುವಂಥದಲ್ಲ.

ಎರಡನೆಯದು ಇಟಲಿಯದು, 2019ರದು, ಹೆಚ್ಚು ದೊಡ್ಡದು. ಎಪ್ಪತ್ತು ಹೈಸ್ಕೂಲುಗಳ ಸುಮಾರು 1,500 ಮಕ್ಕಳಿಗೆ ಲುಯಿಜಿ ಪಿರಾಂಡೆಲ್ಲೊನ ಒಂದು ಕಾದಂಬರಿಯನ್ನು ಪಾಠವಾಗಿ ಇಟ್ಟರು. ಅರ್ಧ ಮಂದಿ ಎಂದಿನಂತೆ ಮಾಸ್ತರರ ಮುಂದೆ ಕುಳಿತು ಓದಿದರು. ಮಿಕ್ಕವರು ಕಾದಂಬರಿಯ ಭಾಗಗಳನ್ನು ಟ್ವಿಟರಿನಲ್ಲಿ ಸಂಕ್ಷೇಪಿಸುತ್ತ, ಒಬ್ಬರಿಗೊಬ್ಬರು ಟಿಪ್ಪಣಿ ಬರೆಯುತ್ತ ಓದಿದರು. ಪರೀಕ್ಷೆಯಲ್ಲಿ ಟ್ವಿಟರಿನವರೇ ಹಿಂದೆ ಬಿದ್ದರು. ಅದರಲ್ಲೂ ಚೆನ್ನಾಗಿ ಓದುವ ಮಕ್ಕಳಲ್ಲಿ ಇಳಿತ ಹೆಚ್ಚು.

ವ್ಯತ್ಯಾಸ ಎಲ್ಲಿದೆ? ಮೊದಲನೆಯ ಕಡೆ ಕಿರುಬರಹ ಪುಸ್ತಕದ ಜಾಗಕ್ಕೆ ಬರಲಿಲ್ಲ. ಮಾಸ್ತರರಿಗೂ ಮಕ್ಕಳಿಗೂ ನಡುವಿನ ಬಾಗಿಲನ್ನು ತೆರೆದಿಟ್ಟಿತು. ಎರಡನೆಯ ಕಡೆ ಅದು ಓದಿನ ಜಾಗದಲ್ಲಿಯೇ ಬಂದು ಕುಳಿತಿತು. ಇಷ್ಟು ತಿಳಿದರೆ ಹುನಗುಂದದ ಯಾವುದೋ ಹೈಸ್ಕೂಲಿನ ವಿಜ್ಞಾನದ ಮೇಡಂ ಏನು ಮಾಡಬಹುದು, ಏನು ಮಾಡಬಾರದು ಎಂಬುದು ಗೊತ್ತಾಗುತ್ತದೆ. ಸಂಜೆ ಒಂದು ಪ್ರಶ್ನೆ ಹಾಕಿ, ಮರುದಿನ ಬೆಳಿಗ್ಗೆ ಅದರಿಂದಲೇ ಪಾಠ ಶುರು ಮಾಡಬಹುದು. ಆದರೆ ಪಾಠವನ್ನೇ ಎಂಟು ಚೂರು ಮಾಡಿ ಮೊಬೈಲಿಗೆ ಹಾಕಿ 'ಓದಿಕೊಳ್ಳಿ' ಎಂದರೆ ಮಕ್ಕಳ ತಲೆಗೆ ಹತ್ತುವುದು ಅನುಮಾನ.

ಒಂದಕ್ಕೊಂದು ಪೋಣಿಸಿದ ಕಿರುಬರಹಗಳ ಸರಣಿಯನ್ನು ಇಂಗ್ಲಿಷಿನಲ್ಲಿ ಥ್ರೆಡ್, ಎಂದರೆ ಎಳೆ, ಎನ್ನುತ್ತಾರೆ. ಎಳೆ ಎಂದರೆ ಏನೆಂದು ಇಳಕಲ್ಲಿನ ನೇಕಾರರ ಮಕ್ಕಳಿಗೆ ಬೇರೆ ಹೇಳಬೇಕಿಲ್ಲ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕುಣಿಕೆ ಕುಣಿಕೆಯಾಗಿ ಕೂಡಿಸಿ ನೇಯುತ್ತಾರೆ. ಒಂದು ಕುಣಿಕೆ ತಪ್ಪಿದರೂ ಸೆರಗಿನಲ್ಲಿ ಗೊತ್ತಾಗುತ್ತದೆ. ಹತ್ತು ಕಿರುಬರಹಗಳಲ್ಲಿ ಒಂದು ವಿಷಯ ಹೇಳಹೊರಟ ವಿದ್ಯಾರ್ಥಿಗೂ ಇದೇ ಕಷ್ಟ. ಪ್ರತಿಯೊಂದೂ ತನ್ನಷ್ಟಕ್ಕೆ ನಿಲ್ಲಬೇಕು, ಹಿಂದಿನದಕ್ಕೂ ಕೂಡಬೇಕು. ಇದನ್ನು ಬರೆಸಿ ನೋಡುವುದು ಪ್ರಬಂಧ ಬರೆಸಿದಷ್ಟೇ ಒಳ್ಳೆಯ ಅಭ್ಯಾಸ. ಬರೆಸುವುದಕ್ಕೆ ಮೊಬೈಲೇ ಬೇಕೆಂದೇನೂ ಇಲ್ಲ. ಚೌಕುಳಿ ಪಟ್ಟಿಯ ಹಾಳೆಯಲ್ಲಿ ಮನೆಗೊಂದು ಅಕ್ಷರದಂತೆ ಬರೆದರೂ ಆದೀತು.

ಕಿರುಬರಹದ ಶಕ್ತಿ, ಅಪಾಯ ಎರಡೂ ಒಟ್ಟಿಗೆ ಎದ್ದು ಕಾಣುವುದು ಆಟೋಟದಲ್ಲಿ. ಇದಕ್ಕೆ ಕರ್ನಾಟಕದ್ದೇ ಒಂದು ಪ್ರಸಂಗವಿದೆ.

2020ರ ಫೆಬ್ರುವರಿ ಮೊದಲಲ್ಲಿ ದಕ್ಷಿಣ ಕನ್ನಡದ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೋಡಿಯೊಡನೆ 142.5 ಮೀಟರಿನ ಕೆಸರುಗದ್ದೆಯನ್ನು 13.62 ಸೆಕೆಂಡಿನಲ್ಲಿ ಓಡಿ ಮುಗಿಸಿದರು. ಯಾರೋ ಭಾಗಾಕಾರ ಮಾಡಿದರು. ನೂರು ಮೀಟರಿಗೆ 9.55 ಸೆಕೆಂಡು ಎಂದು ಬಂತು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್ನಿನಲ್ಲಿ ಮಾಡಿದ ವಿಶ್ವದಾಖಲೆ 9.58. ಇನ್ನು ಕೇಳಬೇಕೆ! ಭಾರತಕ್ಕೊಬ್ಬ ಬೋಲ್ಟ್ ಸಿಕ್ಕನೆಂಬ ಸುದ್ದಿ ಟ್ವಿಟರಿನಲ್ಲಿ ಕಾಳ್ಗಿಚ್ಚಿನಂತೆ ಹಬ್ಬಿತು. ಉದ್ಯಮಿ ಆನಂದ ಮಹೀಂದ್ರ ಬರೆದರು. ಆಗ ಕೇಂದ್ರ ಕ್ರೀಡಾ ಸಚಿವರಾಗಿದ್ದ ಕಿರಣ್ ರಿಜಿಜು ಭಾರತೀಯ ಕ್ರೀಡಾ ಪ್ರಾಧಿಕಾರದಲ್ಲಿ ಪರೀಕ್ಷೆಗೆ ಕರೆಸುವುದಾಗಿ ಟ್ವಿಟರಿನಲ್ಲೇ ಸಾರಿದರು. ಕರಾವಳಿಯ ಗದ್ದೆಯಲ್ಲಿ ಓಡಿದ ಕೂಲಿಕಾರನ ಹೆಸರು ದಿಲ್ಲಿಯ ಮಂತ್ರಿಯ ಬಾಯಲ್ಲಿ ಬರಲು ಹಿಂದಿನ ಕಾಲವಾಗಿದ್ದರೆ ಎಷ್ಟು ಅರ್ಜಿ, ಎಷ್ಟು ಶಿಫಾರಸು ಬೇಕಾಗುತ್ತಿತ್ತು! ಇಲ್ಲಿ ನಾಲ್ಕು ಸಾಲು ಆ ಕೆಲಸ ಮಾಡಿದವು. ಕಿರುಬರಹದ ಬೆಲೆಯನ್ನು ಅಲ್ಲಗಳೆಯುವವರು ಈ ಸಂಗತಿಯನ್ನು ಮರೆಯಬಾರದು.

ಆದರೆ ಆ ನಾಲ್ಕು ಸಾಲುಗಳಲ್ಲಿ ಕೋಣಗಳು ಇರಲಿಲ್ಲ. ಕಂಬಳದ ಓಟಗಾರನನ್ನು ಎರಡು ಕೋಣಗಳು ಸೆಳೆದೊಯ್ಯುತ್ತವೆ. ಬೋಲ್ಟನನ್ನು ಯಾರೂ ಎಳೆಯಲಿಲ್ಲ. ಒಬ್ಬ ಕೆಸರಿನಲ್ಲಿ ಬರಿಗಾಲಲ್ಲಿ ಓಡುವವ, ಇನ್ನೊಬ್ಬ ಟ್ರ್ಯಾಕಿನ ಮೇಲೆ ಮೊಳೆಬೂಟಿನಲ್ಲಿ ನಿಂತ ಜಾಗದಿಂದ ಚಿಮ್ಮುವವ. 142.5 ಮೀಟರಿನ ಓಟವನ್ನು ಭಾಗಿಸಿದರೆ ನೂರು ಮೀಟರಿನ ಓಟ ಸಿಗುವುದಿಲ್ಲ. ಮೊದಲ ಕೆಲವು ಹೆಜ್ಜೆಗಳಲ್ಲಿ ವೇಗ ಕೂಡಿಸಿಕೊಳ್ಳಲು ಹಿಡಿಯುವ ಹೊತ್ತು ಉದ್ದದ ಓಟದಲ್ಲಿ ಹಂಚಿಹೋಗಿರುತ್ತದೆ. ಎಂಟನೆಯ ಇಯತ್ತೆಯ ಹುಡುಗಿಯೂ ತಿಳಿಯಬಲ್ಲ ಲೆಕ್ಕವಿದು. ಅದನ್ನು ಎಲ್ಲರಿಗಿಂತ ಚೆನ್ನಾಗಿ ತಿಳಿದಿದ್ದವರು ಶ್ರೀನಿವಾಸ ಗೌಡರೇ. ಕಂಬಳದ ಓಟ ಬೇರೆ, ಟ್ರ್ಯಾಕಿನ ಓಟ ಬೇರೆ ಎಂದು ಹೇಳಿ ಅವರು ಪರೀಕ್ಷೆಗೆ ಒಪ್ಪಲಿಲ್ಲ. ಅಷ್ಟೆಲ್ಲ ಗದ್ದಲದಲ್ಲಿ ತೂಕದ ಮಾತಾಡಿದವರು ಅವರೊಬ್ಬರೇ ಎಂದರೂ ನಡೆದೀತು.

ಇಂಥದೇ ಸಂದರ್ಭದಲ್ಲಿ ಒಪ್ಪಿಕೊಂಡವರೊಬ್ಬರ ಗತಿ ಏನಾಯಿತೆಂಬುದೂ ನೆನಪಿರಬೇಕು. 2019ರ ಆಗಸ್ಟಿನಲ್ಲಿ ಮಧ್ಯಪ್ರದೇಶದ ರಾಮೇಶ್ವರ ಗುರ್ಜರ್ ಎಂಬ ಯುವಕ ಬರಿಗಾಲಲ್ಲಿ ನೂರು ಮೀಟರನ್ನು ಹನ್ನೊಂದು ಸೆಕೆಂಡಿನಲ್ಲಿ ಓಡುತ್ತಾನೆಂಬ ವೀಡಿಯೊ ಹರಡಿತು. ಭೋಪಾಲಿನಲ್ಲಿ ಸರಿಯಾದ ಟ್ರ್ಯಾಕಿನ ಮೇಲೆ, ಪಳಗಿದ ಓಟಗಾರರ ನಡುವೆ ಓಡಿಸಿದರು. 12.9 ಸೆಕೆಂಡು, ಕೊನೆಯ ಸ್ಥಾನ. ತಪ್ಪು ಆ ಯುವಕನದಲ್ಲ. ದೂರವನ್ನು ಟೇಪಿನಿಂದ ಅಳೆದರೋ, ಕಣ್ಣಳತೆಯೋ, ಗಡಿಯಾರ ಯಾವುದು ಎಂದು ಕೇಳದೆ ಮುಂದಕ್ಕೆ ತಳ್ಳಿದ ಸಾವಿರಾರು ಬೆರಳುಗಳದು. ಅವಮಾನ ಮಾತ್ರ ಒಬ್ಬನಿಗೇ ಆಯಿತು.

ಬಾಗಲಕೋಟೆ ಜಿಲ್ಲೆಯ ಪಾಲಕರಿಗೆ ಇದರಲ್ಲಿ ತಿಳಿಯುವುದಿದೆ. ಮಗಳು ಓಡುತ್ತಾಳೆ, ಮಗ ಉದ್ದ ಜಿಗಿಯುತ್ತಾನೆ ಎಂದರೆ ಹೆಮ್ಮೆಯಿಂದ ಬರೆಯಲಿ, ಬೇಡವೆನ್ನುವವರಾರು? ಆದರೆ ಸಮಯದ ಜೊತೆಗೆ ಇನ್ನೂ ಒಂದೆರಡು ಸಂಗತಿ ಇರಲಿ. ಕೈಯಲ್ಲಿ ಒತ್ತುವ ಸ್ಟಾಪ್‌ವಾಚೋ, ವಿದ್ಯುತ್ ಗಡಿಯಾರವೋ? ನೂರು ಮೀಟರಿನಂಥ ಓಟಗಳಲ್ಲಿ ಕೈಗಡಿಯಾರದ ಸಮಯಕ್ಕೆ 0.24 ಸೆಕೆಂಡು ಸೇರಿಸಿ ಹೋಲಿಸುವುದು ವಾಡಿಕೆ. ಬೆನ್ನಗಾಳಿ ಸೆಕೆಂಡಿಗೆ ಎರಡು ಮೀಟರ್ ಮೀರಿದರೆ ಆ ಸಮಯ ದಾಖಲೆಗೆ ಸಲ್ಲದು. 'ಬಾಗಲಕೋಟೆ, ಜಿಲ್ಲಾ ಕ್ರೀಡಾಕೂಟ, ಕೈಗಡಿಯಾರ' ಎಂಬ ಮೂರು ಪದ ಸೇರಿಸಿದರೆ ಓದಿದ ತರಬೇತುದಾರ ಅದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಾನೆ. ಸೇರಿಸದಿದ್ದರೆ 'ಇಂಥವು ದಿನಾ ನೂರು ಬರುತ್ತವೆ' ಎಂದು ಮುಂದೆ ಸರಿಯುತ್ತಾನೆ.

ಶಾಲಾ ಕ್ರೀಡಾಕೂಟಗಳ ಕಥೆ ನೋಡೋಣ. ವಲಯ, ತಾಲ್ಲೂಕು, ಜಿಲ್ಲೆ, ಬೆಳಗಾವಿ ವಿಭಾಗ, ರಾಜ್ಯ ಎಂದು ಮೆಟ್ಟಿಲು ಮೆಟ್ಟಿಲಾಗಿ ನಡೆಯುವ ಈ ಕೂಟಗಳಲ್ಲಿ ಕೆಳಗಿನ ಮೆಟ್ಟಿಲಿನ ಫಲಿತಾಂಶಕ್ಕೆ ಪತ್ರಿಕೆಯಲ್ಲಿ ಜಾಗ ಸಿಗುವುದು ಕಷ್ಟ. ಕ್ರಿಕೆಟ್ ನುಂಗಿ ಉಳಿದದ್ದರಲ್ಲಿ ತಾಲ್ಲೂಕಿನ ಖೋಖೋಗೆ ಎರಡು ಸಾಲು ಸಿಕ್ಕರೆ ಪುಣ್ಯ. ಆ ಕೊರತೆಯನ್ನು ಶಾಲೆಯೇ ತುಂಬಿಕೊಳ್ಳಬಹುದು. ಆದರೆ ಶಾಲೆಯ ಖಾತೆಗಳು ಸಾಮಾನ್ಯವಾಗಿ ಬರೆಯುವುದು 'ನಮ್ಮ ಹುಡುಗಿಯರು ಗೆದ್ದರು! ಹೆಮ್ಮೆಯ ಕ್ಷಣ!' ಎಂದು, ಜೊತೆಗೆ ಅತಿಥಿಗಳ ಕೊರಳಿನ ಹಾರ ಎದ್ದು ಕಾಣುವ ಆರು ಫೋಟೊ. ಯಾವ ಆಟ, ಯಾರ ವಿರುದ್ಧ, ಎಲ್ಲಿ, ಎಂದು? ಅದರ ಬದಲು ಹೀಗೆ ಬರೆದರೆ ಹೇಗೆ: 'ಹುನಗುಂದ, 22 ಆಗಸ್ಟ್. ತಾಲ್ಲೂಕು ಮಟ್ಟದ ಪ್ರೌಢಶಾಲಾ ಬಾಲಕಿಯರ ಖೋಖೋ. ಅಂತಿಮ ಪಂದ್ಯದಲ್ಲಿ ನಮ್ಮ ಶಾಲೆಗೆ 3 ಅಂಕಗಳ ಜಯ. ಜಿಲ್ಲಾ ಮಟ್ಟದ ದಿನಾಂಕ ಬಂದ ಕೂಡಲೇ ಇಲ್ಲಿ ತಿಳಿಸಲಾಗುವುದು. ದೈಹಿಕ ಶಿಕ್ಷಕರು.' ವರ್ಷವನ್ನೂ ಎದುರಾಳಿ ಶಾಲೆಯ ಹೆಸರನ್ನೂ ಸೇರಿಸಿದರೂ 280ರಲ್ಲಿ ಜಾಗ ಮಿಗುತ್ತದೆ. ಸೋತ ಶಾಲೆಯ ಹೆಸರು ಬರೆಯುವುದು ಒಂದು ಮರ್ಯಾದೆ ಕೂಡ. ಎದುರು ನಿಂತವರಿಲ್ಲದೆ ಗೆಲುವು ಎಲ್ಲಿಂದ ಬಂತು?

ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ನಿಲಯಗಳ ಆಯ್ಕೆಯಂಥ ಸಂಗತಿಗಳಲ್ಲಿ ತಾರೀಖಿನ ಬೆಲೆ ಇನ್ನೂ ಹೆಚ್ಚು. ಆಯ್ಕೆಗೆ ವಯಸ್ಸಿನ ಮಿತಿ ಇರುತ್ತದೆ. ದೂರದ ಹಳ್ಳಿಯ ಹುಡುಗನಿಗೆ ಸುದ್ದಿ ಎರಡು ದಿನ ತಡವಾಗಿ ಮುಟ್ಟಿದರೆ ಹೋಗುವುದು ಎರಡು ದಿನವಲ್ಲ, ಒಂದು ವರ್ಷ. ಕೆಲವರಿಗೆ ಮತ್ತೆ ಬಾರದ ವರ್ಷ. 'ಆಯ್ಕೆ ಶಿಬಿರ ನಾಳೆ' ಎಂದು ಮಾತ್ರ ಬರೆದ ಕಿರುಬರಹ ಮೂರನೆಯ ದಿನ ಓದಿದವನಿಗೂ 'ನಾಳೆ' ಎಂದೇ ಹೇಳುತ್ತದೆ. ಬಸ್ ಚಾರ್ಜು ಕೂಡಿಸಿಕೊಂಡು ಬಾಗಲಕೋಟೆಯ ನವನಗರದವರೆಗೆ ಬಂದ ಮೇಲೆ ಮೈದಾನ ಖಾಲಿ.

ಇನ್ನು ಪಾಲಕರನ್ನು ಕಾಡುವ ಪ್ರಶ್ನೆ: ಹಾಕಿದ್ದು ಎಷ್ಟು ಕಾಲ ಉಳಿಯುತ್ತದೆ? ಉತ್ತರ ವಿಚಿತ್ರವಾಗಿದೆ. ಉಳಿಯಬಾರದ್ದು ಉಳಿಯುತ್ತದೆ, ಉಳಿಯಬೇಕಾದ್ದು ಅಳಿಯುತ್ತದೆ.

2021ರ ಜೂನಿನಲ್ಲಿ ಇಂಗ್ಲೆಂಡಿನ ವೇಗದ ಬೌಲರ್ ಓಲಿ ರಾಬಿನ್ಸನ್ ಲಾರ್ಡ್ಸ್ ಮೈದಾನದಲ್ಲಿ ನ್ಯೂಜಿಲೆಂಡ್ ವಿರುದ್ಧ ತನ್ನ ಮೊದಲ ಟೆಸ್ಟ್ ಆಡುತ್ತಿದ್ದ. ಅದೇ ದಿನ ಯಾರೋ ಅವನ 2012 ಮತ್ತು 2013ರ ಟ್ವೀಟುಗಳನ್ನು ಹೆಕ್ಕಿ ತೆಗೆದರು. ಹದಿನೆಂಟು, ಹತ್ತೊಂಬತ್ತರ ವಯಸ್ಸಿನಲ್ಲಿ ಜನಾಂಗ, ಹೆಂಗಸರು ಇತ್ಯಾದಿ ವಿಷಯಗಳ ಮೇಲೆ ಬರೆದ ಹೊಲಸು ಮಾತುಗಳು. ಅಂದು ಸಂಜೆಯೇ ಕ್ಷಮೆ ಕೇಳಿದ. ಪಂದ್ಯದಲ್ಲಿ ಏಳು ವಿಕೆಟ್ ಪಡೆದರೂ ಮುಂದಿನ ಟೆಸ್ಟಿಗೆ ಅವನನ್ನು ಕೈಬಿಟ್ಟರು. ಆಮೇಲೆ ಅಮಾನತು, ವಿಚಾರಣೆ, ದಂಡ. ಎಂಟೊಂಬತ್ತು ವರ್ಷ ಯಾರೂ ನೋಡದೆ ಬಿದ್ದಿದ್ದ ಸಾಲುಗಳು ಬದುಕಿನ ಅತ್ಯಂತ ದೊಡ್ಡ ದಿನದಂದೇ ಎದ್ದು ಬಂದವು. ಬಾಗಲಕೋಟೆಯ ಕಾಲೇಜು ಹುಡುಗ ಎದುರು ತಂಡದ ಆಟಗಾರನ ಜಾತಿ, ಬಣ್ಣ, ಊರು ಹಿಡಿದು ಇವತ್ತು ಬರೆಯುವ ಚೇಷ್ಟೆಯ ಮಾತಿಗೂ ಅಷ್ಟೇ ಆಯುಷ್ಯ ಇದ್ದೀತು.

ಉಳಿಯಬೇಕಾದ್ದು ಅಳಿದ ಕಥೆ ಕನ್ನಡದ್ದೇ. ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದವತ್ಕ ಬೆಂಗಳೂರಿನಲ್ಲಿ ಕಟ್ಟಿದ 'ಕೂ' ಎಂಬ ಕಿರುಬರಹದ ತಾಣ ಇಂಗ್ಲಿಷಿನಲ್ಲಿ ಶುರುವಾಗಲಿಲ್ಲ, ಹಿಂದಿಯಲ್ಲೂ ಅಲ್ಲ. ಮೊದಲು ಬಂದದ್ದು ಕನ್ನಡದಲ್ಲಿ. 2020ರಲ್ಲಿ ಅದು ಕೇಂದ್ರ ಸರ್ಕಾರದ ಆತ್ಮನಿರ್ಭರ ಆ್ಯಪ್ ಸ್ಪರ್ಧೆಯಲ್ಲಿ ಬಹುಮಾನ ಪಡೆಯಿತು. ಅನಿಲ್ ಕುಂಬ್ಳೆ ಅಲ್ಲಿ ಬರೆದರು. ಜಾವಗಲ್ ಶ್ರೀನಾಥ್ ಹಣ ಹೂಡಿದವರಲ್ಲಿ ಒಬ್ಬರಾದರು. ಇಂಗ್ಲಿಷ್ ಬಾರದ ಮೇಷ್ಟ್ರು, ರೈತ, ಕವಿ, ಕ್ರೀಡಾಭಿಮಾನಿ ತಮ್ಮ ಲಿಪಿಯಲ್ಲಿ ತಾವು ಬರೆದು ಓದುಗರನ್ನು ಕಂಡುಕೊಂಡರು. 2024ರ ಜುಲೈನಲ್ಲಿ, ಹಣ ಸಾಲದೆ, ಕೊಳ್ಳುವವರ ಜೊತೆಗಿನ ಮಾತುಕತೆ ಮುರಿದು, ಆ ಹಳದಿ ಹಕ್ಕಿ ಹಾರಿಹೋಯಿತು. ಅಲ್ಲಿ ಬರೆದು ಬೇರೆಲ್ಲೂ ನಕಲು ಇಟ್ಟುಕೊಳ್ಳದವರ ಬರಹದ ಗತಿ ಏನು? ನಾಲ್ಕೈದು ವರ್ಷದ ಬಾಳಿಕೆ. ಬಾದಾಮಿಯಲ್ಲಿ ಕೆರೆಗೆ ಎದುರಾಗಿ ನಿಂತ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನ ಹತ್ತೇ ಸಾಲಿನದು. ಸುಮಾರು ಸಾವಿರದ ಮುನ್ನೂರು ವರ್ಷದಿಂದ ಇದೆ, ಕನ್ನಡಕ್ಕೆ ಅತ್ಯಂತ ಹಳೆಯ ತ್ರಿಪದಿಗಳನ್ನು ಉಳಿಸಿಕೊಟ್ಟಿದೆ.

ಎಲ್ಲರೂ ಬಂಡೆ ಕೊರೆಯಲಾಗದು, ನಿಜ. ಹುನಗುಂದ ತಾಲ್ಲೂಕಿನ ಕೂಡಲಸಂಗಮದ ದೇವರನ್ನೇ ಅಂಕಿತವಾಗಿ ಮಾಡಿಕೊಂಡ ಬಸವಣ್ಣನವರ ವಚನಗಳು ಬಂಡೆಯ ಮೇಲಿರಲಿಲ್ಲ, ತಾಳೆಗರಿಯಲ್ಲಿದ್ದವು. ಒಂದು ಮನೆಯ ಗರಿ ಗೆದ್ದಲು ಹಿಡಿದರೆ ಇನ್ನೊಂದು ಮಠದಲ್ಲಿ ನಕಲು ಇತ್ತು. ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು ಊರೂರು ಅಲೆದು ಆ ಕಟ್ಟುಗಳನ್ನು ಕೂಡಿಹಾಕಿ 1923ರಲ್ಲಿ 'ವಚನ ಶಾಸ್ತ್ರ ಸಾರ'ವನ್ನು ಅಚ್ಚಿಗೆ ತಂದರು. ಅಂಕಿತ ಇದ್ದುದರಿಂದ ಯಾವ ವಚನ ಯಾರದೆಂದು ಗುರುತಿಸುವುದಕ್ಕೂ ದಾರಿಯಾಯಿತು. ಇಂದು ಹೆಸರಿಲ್ಲದ ಖಾತೆಯ ಮರೆಯಲ್ಲಿ ನಿಂತು ಕಲ್ಲು ಬೀಸುವವರಿಗೆ ಅಂಕಿತದ ಮರ್ಮ ತಿಳಿದಿಲ್ಲ.

ವಯಸ್ಸಿನ ವಿಷಯ ಚುಟುಕಾಗಿ ಹೇಳಬಹುದು. ಎಕ್ಸ್ ತನ್ನ ನಿಯಮದಲ್ಲಿ ಹದಿಮೂರು ವರ್ಷ ಎಂದಿದೆ. ಭಾರತದ 2023ರ ವೈಯಕ್ತಿಕ ದತ್ತಾಂಶ ಕಾಯ್ದೆಯ ಲೆಕ್ಕದಲ್ಲಿ ಹದಿನೆಂಟು ತುಂಬದವರೆಲ್ಲ ಮಕ್ಕಳೇ, ಅವರ ವಿವರ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದು ಹಂತ ಹಂತವಾಗಿ ಜಾರಿಗೆ ಬರುವಂತಿವೆ. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ ಹದಿನಾರರ ಕೆಳಗಿನವರಿಗೆ ಇಂಥ ಖಾತೆಗಳನ್ನೇ ನಿಷೇಧಿಸಿತು. ನಮ್ಮಲ್ಲಿ ಸದ್ಯಕ್ಕೆ ಸುಲಭದ ದಾರಿ ಎಂದರೆ ಮಕ್ಕಳ ಹೆಸರಿನಲ್ಲಿ ಖಾತೆ ತೆರೆಯದೆ ಶಾಲೆಯ ಹೆಸರಿನಲ್ಲಿ ಒಂದೇ ಖಾತೆ ಇಟ್ಟು, ಜವಾಬುದಾರಿ ಒಬ್ಬ ಶಿಕ್ಷಕರಿಗೆ ವಹಿಸಿ, ಮಕ್ಕಳು ಬರೆದದ್ದನ್ನು ಅವರು ತಿದ್ದಿ ಹಾಕುವುದು. ಹುಟ್ಟಿದ ದಿನ, ಮನೆಯ ವಿಳಾಸ, ಫೋನ್ ನಂಬರು ಮಾತ್ರ ಯಾವ ಕಾರಣಕ್ಕೂ ಬೇಡ.

ಹಾಗೆ ಹಾಕಿದ ಪ್ರತಿಯೊಂದು ಫಲಿತಾಂಶವನ್ನೂ ಅದೇ ದಿನ ದೈಹಿಕ ಶಿಕ್ಷಕರ ರಿಜಿಸ್ಟರಿನಲ್ಲಿ ಪೆನ್ನಿನಿಂದ ಬರೆದಿಡಲು ಐದು ನಿಮಿಷ ಸಾಕು. ಆರೇಳು ವರ್ಷದ ಮೇಲೆ ಖೋಖೋ ಆಡಿದ ಹುಡುಗಿ ನೌಕರಿಯ ಅರ್ಜಿಗೆಂದು ಕ್ರೀಡಾ ಪ್ರಮಾಣಪತ್ರದ ನಕಲು ಕೇಳಿಕೊಂಡು ಶಾಲೆಗೆ ಬರುತ್ತಾಳೆ. ಆಗ ಹೆಡ್‌ಮಾಸ್ತರರು ಕೇಳುವುದು ಅವಳ ಪೋಸ್ಟಿಗೆ ಎಷ್ಟು ಲೈಕ್ ಬಿದ್ದಿತ್ತು ಎಂದಲ್ಲ. "ಯಾವ ವರ್ಷ ಆಡಿದ್ದಿ ತಂಗಿ? ಯಾವ ತಿಂಗಳು?" ಎಂದು ಕೇಳುತ್ತ ಅವರು ಕಪಾಟಿನ ಕೀಲಿ ಹುಡುಕುತ್ತಾರೆ.